‘ತೆಗೆ’ ಅಂದದ್ದಕ್ಕೆ ಹೋದ ಹದಿನಾಲ್ಕು ಮರಗಳು

ನಾನು ಮೂವತ್ತೊಂದಕ್ಕೇ ನಿವೃತ್ತನಾದವನು. ಪಿಂಚಣಿ ಬರುವುದಿಲ್ಲ. ಬೀಳ್ಕೊಡುಗೆಗೆ ಒಂದು ಶಾಲು ಬಂದಿತ್ತು; ನಮ್ಮ ಕಚೇರಿ ನಡೆಸುವ ಚಂದ್ರಣ್ಣ ಸಾರ್ ಅದನ್ನು ತರಲು ಮರೆತದ್ದರಿಂದ ನಾನೇ ಕೆಳಗಿನ ಅಂಗಡಿಗೆ ಹೋಗಿ, ಬಣ್ಣ ಆರಿಸಿ, ತಂದು ಅವರ ಕೈಗೆ ಕೊಟ್ಟು, ಮುಜುಗರಪಡುವವನಂತೆ ಬೆನ್ನು ಬಗ್ಗಿಸಿ ನಿಂತೆ. ಈಗ ಆರತಕ್ಷತೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕಾಗೆ, ರೈಲು, ಬೀಗರು, ಮಿಕ್ಸಿ ಯಾವುದೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡಿಲ್ಲ. ಅದಕ್ಕೆ ಮೊದಲು ಎಂಟು ವರ್ಷ ತಿಪಟೂರಿನ ಸ್ಟೇಷನ್ ರಸ್ತೆಯ ಒಂದು ಮಹಡಿಯಲ್ಲಿ, ಕೊಬ್ಬರಿಯ ವಾಸನೆ ನಡುವೆ ಕುಳಿತು, ಕಂಪ್ಯೂಟರಿಗೆ ಫಾರಂ ಮಾಡುವ ಕೆಲಸದಲ್ಲಿದ್ದೆ.

ನನ್ನ ಜಾಗಕ್ಕೆ ಬಂದ ಇಬ್ಬರು ಹೊಸಬರು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, “ಅಣ್ಣಾ, ಕೆಲ್ಸ ಹೆಂಗಿರ್ತದೆ ಅಂತ ವಸಿ ಬರ್ಕೊಡು” ಅಂದರು. ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಎಂಟು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಬಡ್ತಿ ಎಂದರೆ ಕಿಟಕಿ ಪಕ್ಕದ ಕುರ್ಚಿ. ಅದರ ಒಂದು ಕಾಲು ಅಲ್ಲಾಡುತ್ತಿತ್ತು.

ಕೆಲಸ ಏನು ಅಂದರೆ ಇಷ್ಟೆ. ಸಾಮಾನ್ಯ ಫಾರಂ ಎಂದರೆ ಹೆಸರು, ಊರು, ಸಹಿ, ಅಲ್ಲಿಗೆ ಮುಗಿಯಿತು. ನಮಗೆ ಬರುತ್ತಿದ್ದವು ಹಾಗಿರಲಿಲ್ಲ. ಒಂದು ತೋಟ, ತೋಟದೊಳಗೆ ಮರಗಳು, ಒಂದೊಂದು ಮರದೊಳಗೆ ಅದರ ಕೊಯ್ಲುಗಳು. ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿ, ಒಂದೇ ಸಲ ಸೇವ್ ಒತ್ತಬೇಕು. ಕಂಪ್ಯೂಟರು ಯಾವ ಕಾಯಿ ಯಾವ ಮರದ್ದು, ಯಾವ ಮರ ಯಾರ ತೋಟದ್ದು ಎಂದು ತಾನೇ ಹೊಂದಿಸಿಕೊಂಡು ಇಟ್ಟುಕೊಳ್ಳಬೇಕು. ಇದಕ್ಕೆ ಪುಸ್ತಕದಲ್ಲಿ ನೆಸ್ಟೆಡ್ ಆಟ್ರಿಬ್ಯೂಟ್ಸ್ ಎಂಬ ಹೆಸರಿದೆ. ನಮ್ಮ ಸಾರ್ ಆ ಹೆಸರನ್ನು ಒಂದು ದಿನವೂ ಬಾಯಲ್ಲಿ ತರಲಿಲ್ಲ.

“ಅಲ್ಲ ಕಣಯ್ಯಾ, ಗೊನೆ ಅನ್ನು,” ಅನ್ನುತ್ತಿದ್ದರು. ಅವರ ಪ್ರತಿ ಮಾತೂ ‘ಅಲ್ಲ ಕಣಯ್ಯಾ’ದಿಂದಲೇ ಶುರುವಾಗುವುದು, ನಾವು ಹೌದು ಅಂದಿದ್ದರೂ ಅಷ್ಟೆ. “ಗೊನೆ ಹಿಡಿದು ಎಳೆದ್ರೆ ಕಾಯೆಲ್ಲ ಜೊತೇಲೇ ಬರಬೇಕು. ಒಂದು ಕಾಯಿ ಮ್ಯಾಲೆ ಉಳೀತು ಅಂದ್ರೆ ನಿನ್ನ ಕೋಡು ಸರಿ ಇಲ್ಲ ಅಂತ.”

ಇದಕ್ಕಿಂತ ಚೆನ್ನಾಗಿ ಈ ಪಾಠ ಹೇಳಿದವರನ್ನು ನಾನು ಕಂಡಿಲ್ಲ. ಅವರ ದನಿಯಲ್ಲೇ ಅದನ್ನು ಅವರ ಬೆನ್ನ ಹಿಂದೆ ಹೇಳಿ ಹೇಳಿ ನನಗೂ ಬಾಯಿಪಾಠವಾಯಿತು. ಒಂದು ಸಲ ಅವರು ಹಿಂದೆಯೇ ನಿಂತಿದ್ದರು. “ಅಲ್ಲ ಕಣಯ್ಯಾ, ನನ್ನ ದನಿ ಅಷ್ಟು ಕೆಟ್ಟದಾಗಿಲ್ಲ,” ಅಂದು ಹೊರಟುಹೋದರು.

ನಾನು ಹೇಳಬೇಕೆಂದಿರುವುದು ಹಂದನಕೆರೆ ಕಡೆಯ ಒಂದು ಬೆಳೆಗಾರರ ಸಂಘದ ಕೆಲಸ. ಆ ಸಂಘದವರು ಒಳ್ಳೆಯ ತೆಂಗಿನ ಮರಗಳನ್ನು ಗುರುತಿಸಿ, ಅವುಗಳ ಬಿತ್ತನೆ ಕಾಯಿಯಿಂದ ಸಸಿ ಮಾಡಿ ಸುತ್ತಲಿನ ತಾಲ್ಲೂಕುಗಳಿಗೆ ಕೊಡಲು ಹೊರಟಿದ್ದರು. ಅಂಥ ಮರಕ್ಕೆ ತಾಯಿಮರ ಅನ್ನುತ್ತಾರೆ. ತಾಯಿಮರ ಅನ್ನಿಸಿಕೊಳ್ಳುವುದು ಸುಲಭವಲ್ಲ. ನಾಲ್ಕು ವರ್ಷ ಒಂದು ಕೊಯ್ಲೂ ಬಿಡದೆ ಎಷ್ಟು ಕಾಯಿ ಬಿತ್ತು ಎಂದು ಮರಮರಕ್ಕೂ ಬರೆದಿಡಬೇಕು; ಆಮೇಲೆ ತಪಾಸಣೆಯ ಅಧಿಕಾರಿ ಬಂದು ನೋಡಿ ಒಪ್ಪಬೇಕು. ಅರವತ್ತು ವರ್ಷ ದಾಟಿದ ಮರವನ್ನು ಪಟ್ಟಿಗೆ ತೆಗೆದುಕೊಳ್ಳುವುದಿಲ್ಲ.

ಹೊನ್ನಮ್ಮ ಎಂಬ ಅಜ್ಜಿಯದು ಮೂವತ್ತಾರು ಮರ. ಆಕೆ ಮದುವೆಯಾಗಿ ಆ ಮನೆಗೆ ಬಂದ ವರ್ಷ ತಾನೇ ನೀರು ಹೊತ್ತು ಬೆಳೆಸಿದ ಸಸಿಗಳು. ನಮ್ಮ ಫಾರಂ ಶುರುವಾದಾಗ ಮರಗಳಿಗೆ ಐವತ್ಮೂರು. ನಾಲ್ಕು ವರ್ಷ ಬರೆದಾಗ ಐವತ್ತೇಳು. ಆ ಸಲ ತಪ್ಪಿದರೆ ಮತ್ತೆ ನಾಲ್ಕು ವರ್ಷ ಬರೆಯುವಷ್ಟರಲ್ಲಿ ಅರವತ್ತು ದಾಟುತ್ತದೆ. ಅಂದರೆ ಆ ಮರಗಳಿಗೆ ಇದ್ದದ್ದು ಒಂದೇ ಅವಕಾಶ.

“ಅವಕ್ಕೂ ಒಂದೇ, ನಂಗೂ ಒಂದೇ ಕಣ್ಲಾ ಮಂಜ,” ಎಂದು ಹೊನ್ನಮ್ಮಜ್ಜಿ ಮೊದಲ ಭೇಟಿಯಲ್ಲೇ ಹೇಳಿದ್ದಳು. “ಈ ಮರದ ಕಾಯಿ ತಿಂದು ಊರೋರೆಲ್ಲ ಚೆಂದಾಗೈತೆ ಅಂತಾರೆ. ಚೆಂದಾಗಿರೋದು ಕಾಯಿ ಜೊತೆಗೇ ಮುಗ್ದೋಗ್ಬಾರ್ದು. ಇದ್ರ ಮಕ್ಳು ನಾಕೂರಾಗೆ ನಿಲ್ಬೇಕು.”

ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅಜ್ಜಿ ಬೇರೆಯವರಿಂದ ಬರೆಸಿ ತರುತ್ತಿದ್ದ ಚೀಟಿ ನೋಡಿ ತುಂಬುತ್ತಿದ್ದವರು ಸವಿತಕ್ಕ. ಆಕೆ ಏನನ್ನೂ ಬಿಡುವವರಲ್ಲ. ‘ಷರಾ’ ಎಂದು ನಾನು ಸುಮ್ಮನೆ ಒಂದು ಖಾಲಿ ಜಾಗ ಕೊಟ್ಟಿದ್ದರೆ ಅದರಲ್ಲಿ ‘ಕೋತಿ ಒಂದು ಎಳನೀರು ಕುಡಿದಿದೆ’ ಎಂದೂ ಬರೆಯುತ್ತಿದ್ದರು. ಟೈಪು ಮಾಡುವಾಗ ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ ಜೋರಾಗಿ ಓದಿಕೊಳ್ಳುವ ಅಭ್ಯಾಸ. ನನ್ನಂಥವನಿಗೆ ಹಬ್ಬ.

ಮೊದಲ ವರ್ಷ ನಾನು ಮಾಡಿದ ಅನಾಹುತಗಳನ್ನು ಹೊಸಬರ ಅನುಕೂಲಕ್ಕಾಗಿ ಹೇಳಿಬಿಡುತ್ತೇನೆ. ಹೊಸ ಮರ ಸೇರಿಸಲಿಕ್ಕೆ ಇರಲಿ ಎಂದು ಫಾರಮಿನ ಕೊನೆಗೆ ಮೂರು ಖಾಲಿ ಸಾಲು ಇಟ್ಟಿದ್ದೆ. ‘ಖಾಲಿ ಇದ್ದರೆ ಒಳಗೆ ಬಿಡಬೇಡ’ ಎಂದು ಒಂದು ಸಾಲು ಕೋಡು ಬರೆಯಬೇಕಿತ್ತು, ಬರೆದಿರಲಿಲ್ಲ. ಸೇವ್ ಒತ್ತಿದಾಗಲೆಲ್ಲ ಹೊನ್ನಮ್ಮನ ತೋಟದಲ್ಲಿ ನಂಬರಿಲ್ಲದ, ಕಾಯಿಯಿಲ್ಲದ ಮೂರು ಮರ ಹುಟ್ಟಿದವು. ಅದನ್ನು ಸರಿ ಮಾಡಿದೆ. ಆಮೇಲೆ, ಹಳೆಯ ಮರಗಳನ್ನು ತಿದ್ದಲು ಕಳಿಸುವಾಗ ಪ್ರತಿ ಮರದ ಗುರುತಿನ ಸಂಖ್ಯೆಯನ್ನೂ ಜೊತೆಗೆ ಕಳಿಸಬೇಕು, ಮರೆತಿದ್ದೆ. ಗುರುತು ಸಿಗದಿದ್ದಾಗ ಕಂಪ್ಯೂಟರು ಏನು ಮಾಡುತ್ತದೆ? ಎಲ್ಲರನ್ನೂ ಹೊಸಬರು ಅಂದುಕೊಳ್ಳುತ್ತದೆ. ಮೂವತ್ತಾರು ಎಪ್ಪತ್ತೆರಡಾಯಿತು.

ಅಜ್ಜಿಗೆ ಸುದ್ದಿ ಮುಟ್ಟಿ ಫೋನು ಬಂತು. “ಏನ್ಲಾ ಮಂಜ, ನನ್ನ ತ್ವಾಟ ಎಲ್ಡರಷ್ಟಾಗೈತಂತೆ. ಇನ್ನರ್ಧ ಎಲ್ಲೈತೆ ತೋರ್ಸು, ದೋಟಿ ತಗಂಡು ಬತ್ತೀನಿ, ಕಾಯಿ ಕೀಳಾನ.”

ಮೂರನೆಯದು ಇನ್ನೂ ಕೆಟ್ಟದ್ದು. ಫಾರಮಿನಿಂದ ಬರುವ ವಿವರಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು ಎಂದು ಒಂದು ಪಟ್ಟಿ ಕೊಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಕಂಪ್ಯೂಟರು ತುಟಿ ಬಿಚ್ಚದೆ ಕೆಳಗಿಳಿಸಿಬಿಡುತ್ತದೆ. ಬಸ್ಸಿನ ಕಂಡಕ್ಟರಾದರೂ ಬೈದು ಇಳಿಸುತ್ತಾನೆ. ಇದು ಬೈಯುವುದೂ ಇಲ್ಲ. ‘ಮರದ ವಯಸ್ಸು’ ಎಂಬುದನ್ನು ಪಟ್ಟಿಗೆ ಸೇರಿಸಲು ನಾನು ಮರೆತದ್ದರಿಂದ ಸವಿತಕ್ಕ ಒಂದು ವಾರ ತುಂಬಿದ ವಯಸ್ಸೆಲ್ಲ ಗಾಳಿಗೆ ಹೋಯಿತು. “ನಿನ್ ಫಾರಂ ನನ್ನ ಅತ್ತೆ ಇದ್ದಂಗೈತೆ ಕಣೋ,” ಅಂದರು. “ಹೇಳಿದ್ದಕ್ಕೆಲ್ಲ ಹ್ಞೂಂ ಅಂತದೆ, ಒಂದೂ ತಲೆಗ್ ಹಾಕ್ಕಳಲ್ಲ.”

ಇವೆಲ್ಲ ಸಣ್ಣ ಗಾಯ. ದೊಡ್ಡದು ಒಂದು ಪದದಿಂದ ಬಂತು.

ಸತ್ತ ಮರ, ಸಿಡಿಲು ಹೊಡೆದ ಮರ ಇರುತ್ತದಲ್ಲ, ಅಂಥದ್ದನ್ನು ಫಾರಮಿನಿಂದ ಕೈಬಿಡಲು ಪ್ರತಿ ಮರದ ಪಕ್ಕದಲ್ಲೂ ಒಂದು ಪುಟ್ಟ ಚೌಕ ಇಟ್ಟಿದ್ದೆ. ಗುರುತು ಹಾಕಿ ಸೇವ್ ಒತ್ತಿದರೆ ಆ ಮರ, ಅದರ ಕೊಯ್ಲುಗಳ ಸಮೇತ, ಹೋಗುತ್ತದೆ. ಗೊನೆ ಹಿಡಿದು ಎಳೆದಂತೆ. ಆ ಚೌಕದ ಪಕ್ಕ ‘ಅಳಿಸು’ ಎಂದು ಬರೆದಿದ್ದೆ. ಒಂದು ದಿನ ಅಜ್ಜಿ ಸಂಘದ ಕಚೇರಿಗೆ ಬಂದವಳು ಪರದೆಯ ಮೇಲಿನದ್ದನ್ನು ಸವಿತಕ್ಕನ ಬಾಯಲ್ಲಿ ಓದಿಸಿ ಕೇಳಿದಳು. ನಾನೂ ಅಲ್ಲಿದ್ದೆ.

“ಏನಂದೆ? ಅಳ್ಸು ಅಂತಾನಾ? ಮೂವತ್ತಾರು ಮರದ್ ಪಕ್ಕಾನೂ ಅಳ್ಸು ಅಳ್ಸು ಅಂತ ಬರ್ದಿದೀಯಲ್ಲ, ಒಂದು ಮರಾನಾದ್ರೂ ನಗ್ಸಿದೀಯಾ ನೀನು?”

“ಅಳಿಸು ಅಂದ್ರೆ ಅಳೋ ಹಂಗೆ ಮಾಡು ಅಂತಲ್ಲ ಅಜ್ಜಿ, ಒರೆಸಿಹಾಕು ಅಂತ.”

“ಅದು ಇನ್ನೂ ಕೆಟ್ಟದ್ದು. ಬ್ಯಾರೆ ಏನಾರಾ ಬರಿ.”

ಅಜ್ಜಿಯ ಮಾತು ಸಾರ್‌ಗೂ ಸರಿ ಅನ್ನಿಸಿತು. ನಾನು ಬಹಳ ಯೋಚಿಸಿ, ಹಗುರವಾದ, ಅಪಶಕುನವಿಲ್ಲದ, ಎರಡೇ ಅಕ್ಷರದ ಪದ ಹುಡುಕಿ ಹಾಕಿದೆ: ‘ತೆಗೆ’. ಅದರ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಆ ತಿಂಗಳು ಮಾಡಿದ ಎಲ್ಲ ಫಾರಮಿಗೂ ಅದನ್ನೇ ಹಾಕಿದೆ.

ವರ್ಷಗಳು ಕಳೆದು ನಾಲ್ಕನೆಯದಕ್ಕೆ ಬರುವಾಗ ಹೊನ್ನಮ್ಮನ ಹಾಳೆ ಬಹಳ ಉದ್ದವಾಗಿತ್ತು. ಮೂವತ್ತಾರು ಮರ, ಪ್ರತಿ ಮರದ ಕೆಳಗೂ ಕೊಯ್ಲಿನ ಸಾಲುಸಾಲು. ಸವಿತಕ್ಕ ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳು ನೋವು ಅಂದರು. ಸರಿ, ಕೊಯ್ಲುಗಳನ್ನೆಲ್ಲ ಮರದ ಹೆಸರಿನ ಕೆಳಗೆ ಮಡಿಸಿಟ್ಟೆ. ಪಕ್ಕದಲ್ಲಿರುವ ಸಾಸಿವೆ ಗಾತ್ರದ ಬಾಣವನ್ನು ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಬಾಣ ಅಲ್ಲಿದೆ ಎಂದು ಹೇಳಬೇಕಾದವನು ನಾನು. ನಾಳೆ ಹೇಳೋಣ ಅಂದುಕೊಂಡೆ.

ತಪಾಸಣೆ ಗುರುವಾರ ಎಂದು ಗೊತ್ತಾಯಿತು. ಅದಕ್ಕೆ ಹಿಂದಿನ ಶನಿವಾರ ಸಾರ್ ಸಂಘಕ್ಕೆ ಫೋನು ಮಾಡಿ, “ಪ್ರತಿ ಮರದ್ದೂ ಒಂದ್ಸಲ ಸರಿಯಾಗಿ ನೋಡ್ಬಿಡಮ್ಮಾ,” ಅಂದರು. ಸೋಮವಾರ ಬೆಳಿಗ್ಗೆ ನಾನು ತೋಟದ ಹಾಳೆ ಬಿಚ್ಚಿದರೆ ಇಪ್ಪತ್ತೆರಡೇ ಮರ. ಒಂದರಿಂದ ಹದಿನಾಲ್ಕರವರೆಗೆ ಇಲ್ಲ. ಬಾವಿಯ ಪಕ್ಕದ ಸಾಲು, ಅಜ್ಜಿಯ ತೋಟದ ಮುಕುಟ, ನಾಲ್ಕು ವರ್ಷದ ಕೊಯ್ಲಿನ ಜೊತೆ ಮಾಯ.

ಸಾರ್ ತಕ್ಷಣ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

“ನಾನೇನೂ ಮಾಡಿಲ್ಲ ಸಾರ್,” ಅಂದರು ಸವಿತಕ್ಕ. “ನೀವು ನೋಡು ಅಂದ್ರಿ, ನೋಡ್ದೆ. ಹದಿನಾಲ್ಕು ಆಗಿತ್ತು, ಕರೆಂಟು ಹೋಯ್ತು. ಮಿಕ್ಕಿದ್ದು ಇವತ್ತು ನೋಡಾನ ಅಂತಿದ್ದೆ.”

“ನೋಡ್ಬ್ಯಾಡ,” ಅಂದರು ಸಾರ್. ಹಣೆ ಒರೆಸಿಕೊಂಡರು.

ನಾನು ನನ್ನ ಹಳೆಯ ಪಾಪಗಳನ್ನೆಲ್ಲ ಒಂದೊಂದಾಗಿ ಹುಡುಕಿದೆ. ಗುರುತಿನ ಸಂಖ್ಯೆ ಸರಿಯಾಗಿದೆ. ಪಟ್ಟಿ ಸರಿಯಾಗಿದೆ. ಖಾಲಿ ಸಾಲು ಸರಿಯಾಗಿದೆ. ಮಧ್ಯಾಹ್ನವಾಯಿತು. ಸಾರ್ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಅವರ ಮುಖ ನೋಡಲಾಗದೆ, ಸ್ವಲ್ಪ ನಗಲಿ ಎಂದು, ಸವಿತಕ್ಕ ಶನಿವಾರ ಹೇಗೆ ‘ನೋಡಿರಬಹುದು’ ಎಂದು ಮಾಡಿ ತೋರಿಸಲು ಶುರುಮಾಡಿದೆ. ಸೆರಗು ಸಿಕ್ಕಿಸಿದಂತೆ ಟವೆಲು ಸಿಕ್ಕಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಪರದೆಯನ್ನು ಆಕೆಯ ರಾಗದಲ್ಲೇ ಓದಿದೆ: “ಮರದ ಸಂಖ್ಯೆ ಒಂದೂ... ಬಾವಿ ಪಕ್ಕದ್ದೂ... ಕೊಯ್ಲು ಎಲ್ಲಪ್ಪಾ ಕಾಣಾಕಿಲ್ವಲ್ಲ... ಹ್ಞಾಂ, ಇಲ್ಲೈತೆ. ತೆಗೀ...”

ನನ್ನ ಬಾಯಿಂದ ಬಂದ ಆ ‘ತೆಗೀ’ ನನಗೇ ಕೇಳಿಸಿತು. ಅದು ಕಸ ತೆಗಿ ಅನ್ನುವ ತೆಗಿ ಅಲ್ಲ. ಬಾಗ್ಲು ತೆಗಿ ಅನ್ನುವ ತೆಗಿ.

ಸಾರ್ ಕೂಡ ಕುರ್ಚಿಯಲ್ಲಿ ನೆಟ್ಟಗಾದರು. “ಇನ್ನೊಂದ್ಸಲ ಅನ್ನು.”

“ತೆಗೀ...”

“ಅಯ್ಯೋ ನಿನ್ನ.”

ನೀವೇ ಯೋಚಿಸಿ. ಬಾಗಿಲು ತೆಗೆ, ಅಂಗಡಿ ತೆಗೆ, ಪುಸ್ತಕ ತೆಗೆ, ಬಾಯಿ ತೆಗೆ ಎಂದು ದಿನಕ್ಕೆ ನೂರು ಸಲ ಅನ್ನುವ ಊರಿನಲ್ಲಿ, ಮಡಿಸಿಟ್ಟ ಮರದ ಪಕ್ಕ ‘ತೆಗೆ’ ಎಂದು ಬರೆದಿದ್ದರೆ ಯಾರಾದರೂ ಏನು ಮಾಡುತ್ತಾರೆ? ತೆಗೆದು ಒಳಗೆ ನೋಡುತ್ತಾರೆ. ಸವಿತಕ್ಕ ಗುರುತು ಹಾಕಿದ್ದಾರೆ, ಏನೂ ತೆರೆದುಕೊಂಡಿಲ್ಲ, ಓಹೋ ಸೇವ್ ಒತ್ತಬೇಕೇನೋ ಎಂದು ಒತ್ತಿದ್ದಾರೆ. ಮರ ಪರದೆಯಿಂದ ಹೋಗಿದೆ. ಅದರ ಜಾಗದಲ್ಲಿ ನಾನೇ ಬರೆದಿಟ್ಟಿದ್ದ ಹಸಿರು ಪಟ್ಟಿ ಬಂದಿದೆ: ‘ಯಶಸ್ವಿಯಾಗಿ ಉಳಿಸಲಾಗಿದೆ.’ ಕಡಿದುಹಾಕಿ ಉಳಿಸಿದ್ದೇವೆ ಅನ್ನುವ ಫಾರಂ ಈ ಜಿಲ್ಲೆಯಲ್ಲಿ ನಾನೊಬ್ಬನೇ ಮಾಡಿದ್ದು. ನೋಡಿದ್ದಾಯಿತು, ಮರ ತಪಾಸಣೆಯ ಪಟ್ಟಿಗೆ ಹೋಯಿತು ಎಂದುಕೊಂಡು ಸವಿತಕ್ಕ ಮುಂದಿನದಕ್ಕೆ ಹೋಗಿದ್ದಾರೆ. ಕರೆಂಟು ಹೋಗದಿದ್ದರೆ ಮೂವತ್ತಾರೂ ಹೋಗುತ್ತಿದ್ದವು. ಕರೆಂಟು ಹೋದದ್ದಕ್ಕೆ ಕೈಮುಗಿದವನೂ ನಾನೊಬ್ಬನೇ ಇರಬೇಕು.

ಕಾರಣ ಸಿಕ್ಕಿತು. ಮರಗಳು ಸಿಗಬೇಕಲ್ಲ.

“ಬ್ಯಾಕಪ್ಪು?” ಅಂದರು ಸಾರ್. ಇತ್ತು. ಹಳೆಯದು. ಪ್ರತಿ ವಾರ ಆಗಬೇಕಾದದ್ದು ಡಿಸ್ಕಿನಲ್ಲಿ ಜಾಗವಿಲ್ಲದೆ ಎಂದೋ ನಿಂತುಹೋಗಿತ್ತು. ಅದರಲ್ಲಿ ಕೊನೆಯ ಎರಡು ಕೊಯ್ಲು ಇರಲಿಲ್ಲ. ಒಂದು ಕೊಯ್ಲು ಬಿಟ್ಟುಹೋದರೂ ತಾಯಿಮರವಲ್ಲ.

ಆಗ ನನಗೆ ಲಾಗ್ ನೆನಪಾಯಿತು. ಲಾಗ್ ಅಂದರೆ ಕಂಪ್ಯೂಟರಿನ ದಿನಚರಿ. ಯಾರು ಏನು ಕಳಿಸಿದರು ಎಂದು ಬಂದದ್ದು ಬಂದಂತೆ ಅದರಲ್ಲಿ ಬೀಳುತ್ತದೆ. ನಮ್ಮದು ಗೊನೆ ಫಾರಂ ತಾನೆ. ಸವಿತಕ್ಕ ಒಂದು ಮರಕ್ಕೆ ಗುರುತು ಹಾಕಿ ಸೇವ್ ಒತ್ತಿದರೂ ಆ ಹಾಳೆಯಲ್ಲಿದ್ದ ಎಲ್ಲ ಮರ, ಎಲ್ಲ ಕೊಯ್ಲು, ಮಡಿಸಿಟ್ಟದ್ದೂ ಸೇರಿ, ಒಟ್ಟಿಗೇ ಬಂದಿರುತ್ತದೆ. ಹೋಗುವ ಮುಂಚೆ ಪ್ರತಿ ಮರವೂ ತನ್ನ ಜಾತಕವನ್ನೆಲ್ಲ ಹೇಳಿಯೇ ಹೋಗಿರುತ್ತದೆ. ದಿನಚರಿ ತೆರೆದೆ. ಇದ್ದವು. ಆರನೆಯ ಮರದಿಂದ ಹದಿನಾಲ್ಕರವರೆಗೆ ಒಂಬತ್ತು ಮರ, ಒಂದು ಕಾಯಿಯೂ ಕಮ್ಮಿಯಿಲ್ಲದೆ. ಸಾರ್ ಎದ್ದು ಬಂದು ನನ್ನ ಬೆನ್ನಿಗೆ ಗುದ್ದಿದರು. ಅದು ಮೆಚ್ಚುಗೆ ಎಂದೇ ನಾನು ತೆಗೆದುಕೊಂಡೆ.

“ಒಂದರಿಂದ ಐದು?”

ಅದು ಇರಲಿಲ್ಲ. ದಿನಚರಿ ತುಂಬಿದರೆ ಹಳೆಯ ಪುಟ ಹರಿದು ಬಿಸಾಡು ಎಂದು ಹೇಳಿಟ್ಟವನು ನಾನೇ. ಆ ಐದು ಮರದ ಹಿಂದಿನ ಕೊಯ್ಲುಗಳು ಬ್ಯಾಕಪ್ಪಿನಲ್ಲಿ ಸಿಕ್ಕವು. ಉಳಿದದ್ದು ಐದು ಮರದ ಎರಡೆರಡು ಕೊಯ್ಲು. ಹತ್ತೇ ಹತ್ತು ಸಂಖ್ಯೆ. ಅಜ್ಜಿಯ ಚೀಟಿಗಳನ್ನು ಸವಿತಕ್ಕ ತುಂಬಿಯಾದ ಮೇಲೆ ಒಲೆಗೆ ಹಾಕುತ್ತಿದ್ದರು, ಏಕೆಂದರೆ ‘ಇನ್ನು ಚೀಟಿ ಬೇಡ, ಎಲ್ಲ ಕಂಪ್ಯೂಟರಿನಲ್ಲಿದೆ’ ಎಂದು ಭಾಷಣ ಮಾಡಿದ್ದವನೊಬ್ಬನಿದ್ದ. ಅವನ ಹೆಸರು ಕೇಳಬೇಡಿ.

ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಸವಿತಕ್ಕನಿಗೆ ವಿಷಯ ಹೇಳಿದಾಗ ಆಕೆ ಬೈಯಲಿಲ್ಲ. ಕುರ್ಚಿಯಲ್ಲಿ ಕುಳಿತು, ತನ್ನ ಬಲಗೈ ಬೆರಳನ್ನೇ ನೋಡಿದರು. “ಹದಿನಾಲ್ಕು ಮರಾನೂ ನಾನೇ ಕಡಿದ್ನಾ?” ಅಂದರು.

“ನೀವಲ್ಲ ಸವಿತಕ್ಕ. ಕೊಡಲಿ ಮೇಲೆ ‘ತೆಗೆ’ ಅಂತ ಬರೆದು ಕೈಗೆ ಕೊಟ್ಟೋನು ನಾನು.”

ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ನಾನು ಎಲ್ಲವನ್ನೂ ಹೇಳಿದೆ. ಅಜ್ಜಿ ಬಾಗಿಲಿಗೆ ಬಂದು ಬಾವಿಯ ಕಡೆ ನೋಡಿದಳು.

“ಅಲ್ಲೇ ನಿಂತಾವಲ್ಲ ಕಣ್ಲಾ. ಎಲ್ಲೋಗವೆ?”

“ಮರ ಇದಾವೆ ಅಜ್ಜಿ. ಕೊನೆ ಎರಡು ಸಲ ಎಷ್ಟೆಷ್ಟು ಕಾಯಿ ಬಿತ್ತು ಅನ್ನೋದು ಹೋಯ್ತು.”

“ಅದೂ ಐತೆ. ಅಟ್ಟದ ಮ್ಯಾಲೆ.”

ಅವಳು ಯಾರಿಂದಲೋ ಒಂದು ಪುಸ್ತಕ ಬರೆಸಿಟ್ಟಿದ್ದಾಳೇನೋ ಎಂದು ನಾನು ಅಂದುಕೊಂಡೆ. ಅಟ್ಟ ಹತ್ತಿ ನೋಡಿದರೆ ಪುಸ್ತಕವಲ್ಲ, ಕಾಯಿ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಮಲಗುತ್ತದೆ. ಅದು ನನಗೂ ಗೊತ್ತಿತ್ತು. ಆದರೆ ಯಾವ ಮರದ ಕೊಬ್ಬರಿ ಹೇಗೆ ಬರುತ್ತದೆ ಎಂದು ನೋಡಲು ಹೊನ್ನಮ್ಮ ಮರಮರದ ಕಾಯಿಯನ್ನೂ ಬೇರೆ ಬೇರೆ ಗುಡ್ಡೆ ಹಾಕಿ, ನಡುವೆ ಗರಿಯ ತಡಿಕೆ ಕಟ್ಟಿದ್ದಳು. ಒಂದು ಸಾಲು ಒಂದು ಕೊಯ್ಲಿನದು, ಅದರ ಹಿಂದಿನ ಸಾಲು ಮತ್ತೊಂದರದು. ತೋಟದೊಳಗೆ ಮರ, ಮರದೊಳಗೆ ಕೊಯ್ಲು. ನಾನು ನಾಲ್ಕು ವರ್ಷ ಒದ್ದಾಡಿ ಕಟ್ಟಿದ್ದ ಫಾರಮನ್ನು ಅಜ್ಜಿ ತಡಿಕೆಯಲ್ಲಿ ಕಟ್ಟಿ ಮಲಗಿಸಿದ್ದಳು. ಅದರಲ್ಲಿ ‘ತೆಗೆ’ ಎಂಬ ಚೌಕವೂ ಇರಲಿಲ್ಲ.

ಸವಿತಕ್ಕ ಏಣಿಯ ಕೆಳಗೆ ಪುಸ್ತಕ ಹಿಡಿದು ನಿಂತರು, ನಾನು ಜೇಡರ ಬಲೆಯ ರುಮಾಲು ಸುತ್ತಿಕೊಂಡು ಎಣಿಸಿದೆ. ಹತ್ತು ಗುಡ್ಡೆ, ಹತ್ತು ಸಂಖ್ಯೆ. ಬುಧವಾರ ಸಂಜೆಯೊಳಗೆ ಹದಿನಾಲ್ಕು ಮರಗಳೂ ಮತ್ತೆ ಫಾರಮಿನಲ್ಲಿ ನಿಂತವು. ಆ ಚೌಕವನ್ನು ಕಿತ್ತು ಬಿಸಾಡಿ ‘ಈ ಮರ ಇನ್ನು ಪಟ್ಟಿಯಲ್ಲಿ ಬೇಡ’ ಎಂದು ಪೂರಾ ವಾಕ್ಯ ಬರೆದೆ. ಅದನ್ನು ಒತ್ತಿದರೂ ಮರ ಮರೆಯಾಗುತ್ತದೆಯೇ ಹೊರತು ಅಳಿಯದಂತೆ ಮಾಡಿದೆ. ಪದ ಉಳಿಸಲು ಹೋಗಿ ಮರ ಕಳೆಯಬೇಡಿ. ಹೊಸಬರಿಗೆ ಇಷ್ಟೇ ನನ್ನ ಉಪದೇಶ. ಬರೆದದ್ದನ್ನು ಅದನ್ನು ಬಳಸುವವರ ದನಿಯಲ್ಲಿ ಒಮ್ಮೆ ಜೋರಾಗಿ ಓದಿ. ಮಿಮಿಕ್ರಿ ಬರದಿದ್ದರೆ ಅವರನ್ನೇ ಕರೆದು ಓದಿಸಿ.

ಗುರುವಾರ ಅಧಿಕಾರಿ ನೇರ ಅಜ್ಜಿಯ ಮನೆಗೇ ಬಂದರು. ಮಾತು ಕಡಿಮೆ, ಗಡಿಯಾರ ಜಾಸ್ತಿ ನೋಡುವ ಮನುಷ್ಯ. ಸಾರ್ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಸವಿತಕ್ಕ ಹಾಳೆ ತೆರೆದು ತೋರಿಸಿದರು. ಅವರು ಒಂದೊಂದೇ ಮರ ನೋಡುತ್ತಾ ಹೋಗಿ, ತಟ್ಟನೆ ಪರದೆಯ ಮೂಲೆಗೆ ಬೆರಳಿಟ್ಟರು.

“ಇದೇನ್ರೀ ಇದು? ಹದಿನಾಲ್ಕು ಮರದ ದಾಖಲೆ ಸೃಷ್ಟಿಯಾದದ್ದು ನಿನ್ನೆ ಅಂತಿದೆ. ನಾಲ್ಕು ವರ್ಷದ ಲೆಕ್ಕ ನಿನ್ನೆ ಒಂದೇ ದಿನ ಬರೆದ್ರಾ?”

ಹೊಸದಾಗಿ ಸೇರಿದ ಪ್ರತಿಯೊಂದಕ್ಕೂ ಕಂಪ್ಯೂಟರು ಹುಟ್ಟಿದ ದಿನ ಹಾಕುತ್ತದೆ. ಅದನ್ನು ತಿದ್ದುವುದು ನನಗೆ ಎಡಗೈ ಕೆಲಸ. ಹಿಂದಿನ ದಿನ ಕೈ ತುರಿಸಿಯೂ ಇತ್ತು. “ಅಲ್ಲ ಕಣಯ್ಯಾ, ನಿನ್ನೆ ಹುಟ್ಟಿದ್ದನ್ನ ನಿನ್ನೆ ಹುಟ್ತು ಅಂತಲೇ ಬಿಡು” ಅಂದಿದ್ದರು ಸಾರ್. ಈಗ ಸಾರ್ ನನ್ನ ಮುಖ ನೋಡಿದರು. ನಾನು ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅಳಿಸು, ತೆಗೆ, ಕರೆಂಟು, ದಿನಚರಿ, ಅಟ್ಟ. ಯಾರ ದನಿಯನ್ನೂ ಮಾಡದೆ ನನ್ನ ದನಿಯಲ್ಲೇ ಹೇಳಿದೆ. ಅದು ಬಹಳ ತೆಳ್ಳಗಿದೆ ಎಂದು ಆವತ್ತೇ ಗೊತ್ತಾದದ್ದು.

ಅಧಿಕಾರಿ ಕೇಳಿಸಿಕೊಂಡು, “ಕತೆ ಚೆನ್ನಾಗಿದೆ,” ಅಂದರು. “ಕತೆಗೆ ನಾನು ಸಹಿ ಹಾಕೋಕಾಗಲ್ಲ.”

ಹೊನ್ನಮ್ಮಜ್ಜಿ ಏಣಿಯನ್ನು ಅಟ್ಟಕ್ಕೆ ಒರಗಿಸಿ ನಿಲ್ಲಿಸಿದಳು. “ಅವ್ನ ಮಾತು ಬುಡಿ ಸ್ವಾಮಿ. ನೀವೇ ಹತ್ತಿ ಎಣ್ಸಿ.”

ಅವರು ಹತ್ತಿದರು. ನಾವು ಹೇಳಿದ ಗುಡ್ಡೆ ಬಿಟ್ಟು ತಮಗೆ ಬೇಕಾದದ್ದನ್ನು ಆರಿಸಿದರು. ಮೂರನೇ ಮರ: ಸರಿ. ಹದಿಮೂರನೇ ಮರ: ಸರಿ. ಒಂಬತ್ತನೇ ಮರದ್ದು ಎಣಿಸಿ ಮೇಲಿಂದ ಕೂಗಿದರು, “ಫಾರಮಿನಲ್ಲಿ ಎಷ್ಟಿದೆ?”

“ಮೂವತ್ತೊಂದು,” ಅಂದರು ಸವಿತಕ್ಕ.

“ಇಲ್ಲಿ ಇಪ್ಪತ್ತೊಂಬತ್ತು.”

ಅದು ದಿನಚರಿಯಿಂದ ಬಂದ ಮರ. ತಪ್ಪಾಗಲು ಸಾಧ್ಯವೇ ಇಲ್ಲ. ಆದರೆ ಅಟ್ಟದ ಮೇಲಿರುವ ಕಾಯಿಗೆ ಅದನ್ನು ಹೇಳುವವರು ಯಾರು? ಅಧಿಕಾರಿ ಏಣಿಯ ಮೇಲೆ ಒಂದು ಕಾಲಿಟ್ಟಿದ್ದರು. ಸವಿತಕ್ಕ ಪರದೆಗೆ ಮುಖ ತಗುಲಿಸಿ, ಎಂದಿನಂತೆ ಜೋರಾಗಿ, ಪ್ರತಿ ಅಕ್ಷರವನ್ನೂ ಓದುತ್ತಿದ್ದರು.

“ಒಂಬತ್ತನೇ ಮರ... ಕಾಯಿ ಮೂವತ್ತೊಂದು... ಷರಾ: ಗೌರಿ ಹಬ್ಬದ ಬಾಗಿನಕ್ಕೆ ಅಜ್ಜಿ ಎರಡು ಕಾಯಿ ತೆಗೆದುಕೊಂಡಿದ್ದಾರೆ.”

ಅಧಿಕಾರಿ ಅಲ್ಲೇ ನಿಂತರು. “ಇನ್ನೊಂದ್ಸಲ ಓದಿ.”

ಸವಿತಕ್ಕ ಇನ್ನೊಂದು ಸಲ ಓದಿದರು.

“ಕೊಟ್ಟಿದ್ದು ನನ್ನ ತಂಗಿ ಮಗಳ್ಗೆ,” ಅಂದಳು ಅಜ್ಜಿ. “ತುರುವೇಕೆರೇಲವ್ಳೆ. ಫೋನ್ ಮಾಡಿ ಬೇಕಾದ್ರೆ.”

ಅವರು ಕೆಳಗಿಳಿದು, ಕೈ ಕೊಡವಿ, ಮೊದಲ ಸಲ ನಕ್ಕರು. “ಸುಳ್ಳು ಲೆಕ್ಕ ಬರೆಯೋರು ಬಾಗಿನದ ಕಾಯಿ ಬರೆಯಲ್ಲ ಕಣ್ರಮ್ಮ,” ಎಂದು ಸವಿತಕ್ಕನಿಗೆ ಹೇಳಿ, ತೋಟಕ್ಕೆ ನಡೆದರು. ಬಾವಿಯ ಪಕ್ಕದಿಂದ ಶುರುಮಾಡಿ ಮೂವತ್ತಾರು ಮರವನ್ನೂ ಸುತ್ತಿ, ತಲೆಯೆತ್ತಿ ಗೊನೆ ನೋಡಿ, ಬುಡ ತಟ್ಟಿ, ಸಂಜೆ ಬಸ್ಸಿನ ಹೊತ್ತಿಗೆ ಸಹಿ ಹಾಕಿದರು. ಮೂವತ್ತಾರಕ್ಕೆ ಮೂವತ್ತಾರು. ಸಾರ್ ಡಬ್ಬಿ ಬಿಚ್ಚಿ ಅಜ್ಜಿಯ ಜಗಲಿಯ ಮೇಲೆ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಸವಿತಕ್ಕ ಬಾವಿಯ ಹತ್ತಿರ ಹೋಗಿ ಒಂದನೇ ಮರದಿಂದ ಹದಿನಾಲ್ಕನೇ ಮರದವರೆಗೆ ಒಂದೊಂದನ್ನೇ ಮುಟ್ಟಿಕೊಂಡು ಬಂದದ್ದನ್ನು ನಾನು ನೋಡಿದೆ. ಅದನ್ನು ನಾನು ಈವರೆಗೆ ಯಾವ ವೇದಿಕೆಯಲ್ಲೂ ಮಾಡಿ ತೋರಿಸಿಲ್ಲ.

ಮುಂದಿನ ವರ್ಷ ಆ ಮರಗಳ ಮೊದಲ ಸಸಿಗಳು ಸಿದ್ಧವಾದವು. ಸಂಪಿಗೆ ಎಂಬ ಊರಿನ ಕಡೆಯಿಂದ ಒಬ್ಬರು ಟ್ರಾಕ್ಟರು ತಂದಿದ್ದರು. ಪ್ರತಿ ಸಸಿಗೂ ನಮ್ಮ ಫಾರಮಿನಿಂದಲೇ ಅಚ್ಚಾದ ಚೀಟಿ: ಸಸಿಯ ಸಂಖ್ಯೆ, ತಾಯಿಮರದ ಸಂಖ್ಯೆ, ಕೊನೆಗೆ ‘ತೋಟ: ಹೊನ್ನಮ್ಮ’. ಅಜ್ಜಿಗೆ ಓದು ಬಾರದು. ಒಂದು ಚೀಟಿ ಹಿಡಿದು ಸವಿತಕ್ಕನಿಂದ ಓದಿಸಿದಳು. ಇನ್ನೊಂದನ್ನು ಓದಿಸಿದಳು. ಟ್ರಾಕ್ಟರಿನವನು ಕಾದು ಕಾದು, “ಎಲ್ಲದ್ರಾಗೂ ನಿನ್ ಹೆಸ್ರೇ ಇರ್ತದೆ ಕಣಜ್ಜಿ, ಬುಡು ಹೊತ್ತಾಯ್ತದೆ,” ಅಂದ.

ಅಜ್ಜಿ ಚೀಟಿಯನ್ನು ಮತ್ತೆ ಸಸಿಗೆ ಕಟ್ಟಿ, ಎಲೆ ಮುರಿಯದಂತೆ ಗಾಡಿಯ ಮೂಲೆಗೆ ಒರಗಿಸಿದಳು.

“ಹುಷಾರಾಗಿ ನೋಡ್ಕಳಪ್ಪ,” ಅಂದಳು. “ಇವುಗಳವ್ವ ಇನ್ನೂ ನಿಂತವ್ಳೆ. ಮ್ಯಾಲಿಂದ ಎಲ್ಲಾ ಕಾಣ್ತದೆ ಅವ್ಳಿಗೆ.”